ದಳವಾಯಿ ಮನೆ ಕೋವಿಯ ತೂತು

ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನ ಹತ್ತಿರ ಪೈಪಿನ ಅಂಗಡಿ ಇಟ್ಟಿರುವ ಮುರುಗೇಶಪ್ಪನವರ ಮನೆಗೆ ಯಾರೇ ಹೋಗಲಿ, ಕಾಫಿ ಬರುವುದಕ್ಕೆ ಮೊದಲು ಒಂದು ಯುದ್ಧ ನಡೆದು ಮುಗಿಯಬೇಕಿತ್ತು. ಮುಂದಿನ ಕೋಣೆಯಲ್ಲಿ, ಟಿ.ವಿ.ಯ ಮೇಲುಗಡೆ, ಒಂದು ಹಳೇ ಮಿಲಿಟರಿ ಕೋವಿಯನ್ನು ಅಡ್ಡಲಾಗಿ ತೂಗುಹಾಕಿದ್ದರು. ಅದರ ಪಕ್ಕ ಅಜ್ಜ ಪರಮೇಶ್ವರಪ್ಪನವರ ಫೋಟೊ: ಮೊಣಕಾಲು ಮುಟ್ಟುವ ಖಾಕಿ ಚಡ್ಡಿ, ಹಣೆಯ ಮೇಲೆ ವಿಭೂತಿ, ಹುರಿ ಮಾಡಿದ ಮೀಸೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿ. ಬಂದವರ ಕಣ್ಣು ಆ ಕಡೆ ಹೋಗುವುದನ್ನೇ ಮುರುಗೇಶಪ್ಪ ಕಾಯುತ್ತಿದ್ದರು. ಹೋಗದಿದ್ದರೆ ಫ್ಯಾನು ಜೋರು ಮಾಡುವ ನೆಪದಲ್ಲಿ ಎದ್ದು ತಾವೇ ಕೋವಿಯ ಕೆಳಗೆ ಹೋಗಿ ನಿಲ್ಲುತ್ತಿದ್ದರು.

ಯುದ್ಧ ಯಾವುದೆಂಬುದು ಸ್ವಲ್ಪ ಬದಲಾಗುತ್ತಿತ್ತು. ಬಂದವರು ಓದಿಕೊಂಡವರಾದರೆ ಅದು ಪರದೇಶದ ಮರಳುಗಾಡಿನಲ್ಲಿ. ತೋಟಕ್ಕೆ ಡ್ರಿಪ್ ಪೈಪು ಕೇಳಲು ಬಂದವರಾದರೆ ಬರ್ಮಾದ ಕಾಡಿನಲ್ಲಿ. ಬದಲಾಗದೆ ಇದ್ದದ್ದು ತೂತು. ಕೋವಿಯ ನಳಿಗೆಯ ಬುಡದಲ್ಲಿ, ಪಕ್ಕಕ್ಕೆ, ಕಿರುಬೆರಳ ತುದಿ ಕೂರುವಷ್ಟು ಗುಂಡನೆಯ ಒಂದು ತೂತಿತ್ತು. ಅಜ್ಜ ಗುರಿ ಹಿಡಿದು ನಿಂತಿದ್ದಾಗ ಶತ್ರು ಪಕ್ಕದಿಂದ ಹೊಡೆದ ಗುಂಡು ಅದು. ಎದೆಗೆ ಬರಬೇಕಾದದ್ದು ಕಬ್ಬಿಣಕ್ಕೆ ಬಂತು. ಆ ಧೈರ್ಯ ಕಂಡ ಬಿಳಿ ಸಾಹೇಬ ಕೋವಿಯ ಹಿಂಬದಿಯ ಮರದ ಮೇಲೆ ಅಜ್ಜನ ಹೆಸರನ್ನೇ ಕೆತ್ತಿಸಿ ಕೊಟ್ಟ. ನಂಬಿಕೆ ಇಲ್ಲದವರು ಬಂದು ನೋಡಬಹುದು: ಡಿ, ಪಿ. ಇಂಗ್ಲಿಷಿನ ದಪ್ಪ ಅಕ್ಷರ. ದಳವಾಯಿ ಪರಮೇಶ್ವರಪ್ಪ.

ಈ ದಳವಾಯಿ ಮನೆಗೆ ಬಂದ ದಾರಿ ಮಾತ್ರ ಸ್ವಲ್ಪ ಕಿರಿದಾಗಿತ್ತು. ಮುರುಗೇಶಪ್ಪ ಹುಟ್ಟುವ ಮೊದಲೇ ಅಜ್ಜ ತೀರಿಕೊಂಡಿದ್ದರು. ಊರಿನ ಹಳಬರು ಹುಡುಗನನ್ನು ಕಂಡರೆ 'ಡಿ.ಪಿ.ಯವರ ಮೊಮ್ಮಗ ಅಲ್ವಾ' ಎಂದು ಕೇಳಿ ಯಾಕೋ ನಗುತ್ತಿದ್ದರು. ಡಿ ಅಂದರೆ ಏನೆಂದು ಒಂದು ದಿನ ಅಪ್ಪನನ್ನು ಕೇಳಿದಾಗ, ಮೊಳೆ ತೂಗುತ್ತಿದ್ದ ಅಪ್ಪ ತಕ್ಕಡಿಯಿಂದ ಕಣ್ಣೆತ್ತದೆ, 'ದಳವಾಯಿನೋ ಏನೋ ಇರ್ಬೇಕು, ಹೋಗೋ ಆ ಕಡೆ' ಎಂದಿದ್ದರು. ಅಜ್ಜ ಏನು ಕೆಲಸ ಮಾಡುತ್ತಿದ್ದರು ಎಂದದ್ದಕ್ಕೆ, 'ಡ್ರಿಲ್ ಮಾಡಿಸ್ತಿದ್ರು' ಎಂದರು. ಮುರುಗೇಶಪ್ಪನವರಿಗೆ ಅಷ್ಟು ಸಾಕಾಯಿತು. ಅಂಗಡಿ ತಮ್ಮ ಕೈಗೆ ಬಂದ ವರ್ಷವೇ ಬೋರ್ಡು 'ದಳವಾಯಿ ಪೈಪ್ಸ್' ಆಯಿತು. ಮನೆಯ ಗೇಟಿನ ಮೇಲೆ ಕಬ್ಬಿಣದ ಎರಡು ಕತ್ತಿಗಳು ಒಂದರ ಮೇಲೊಂದು ಅಡ್ಡ ಬಂದವು.

ಚುನಾವಣೆ ಬಂದಾಗ ಕೋವಿ ಇದ್ದವರು ಅದನ್ನು ಠಾಣೆಗೆ ಒಪ್ಪಿಸುವ ಪದ್ಧತಿ ಉಂಟಲ್ಲ, ಅದು ಮುರುಗೇಶಪ್ಪನವರ ಪಾಲಿಗೆ ಹಬ್ಬ. ತೋಟದ ಯಜಮಾನರೆಲ್ಲ ಕೋವಿ ಹಿಡಿದು ಸಾಲಾಗಿ ನಿಂತಾಗ ಇವರೂ ಇಸ್ತ್ರಿ ಶರ್ಟು ಹಾಕಿಕೊಂಡು ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಪ್ರತಿ ಸಲವೂ ಅಲ್ಲಿದ್ದವರು ತೂತು ನೋಡಿ, ಅಕ್ಷರ ನೋಡಿ, 'ಇದು ಬೇಡ, ಮನೇಲೇ ಇಟ್ಕೊಳಿ ಯಜಮಾನ್ರೇ' ಎಂದು ನಗುತ್ತಾ ಕಳಿಸುತ್ತಿದ್ದರು. ದಳವಾಯಿ ಮನೆತನದ ಮೇಲೆ ಇಲಾಖೆಗಿರುವ ವಿಶ್ವಾಸ ಅದು ಎಂದು ಮನೆಗೆ ಬಂದು ಹೇಳಿದರೆ, ಹೆಂಡತಿ ಮಹಾಂತಮ್ಮ 'ಹೂಂ' ಎನ್ನುತ್ತಿದ್ದರು.

ಮಹಾಂತಮ್ಮ ಕುಂಸಿಯವರು. ಮದುವೆಗೆ ಮುಂಚೆ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ಡಿಗ್ರಿ ಮುಗಿಸಿದವರು. ಯುದ್ಧದ ಕಥೆ ನಡೆಯುವಾಗ ಅವರು ಅಡುಗೆಮನೆಯಿಂದ ಹೊರಗೆ ಬರುತ್ತಿದ್ದ ಹೊತ್ತು ಒಂದೇ: ಶತ್ರು ಗುಂಡು ಹೊಡೆದ ಮೇಲೆ, ಬಿಳಿ ಸಾಹೇಬ ಬರುವುದಕ್ಕೆ ಮೊದಲು. ಕಾಫಿ ಆರಬಾರದಲ್ಲ.

ಒಂದು ಡಿಸೆಂಬರಿನಲ್ಲಿ ಹೊಸ ಟಿ.ವಿ. ಕೂರಿಸಲು ಬಂದವರು ಗೋಡೆ ಕೊರೆದ ಅದುರಾಟಕ್ಕೆ ಕೋವಿ ಮೊಳೆ ಬಿಟ್ಟು ದಬ್ಬನೆ ಕೆಳಗೆ ಬಿತ್ತು. ತುಕ್ಕು ಹಿಡಿದಿದ್ದ ಕೀಲು ಕಳಚಿಕೊಂಡಿತು. ಹಿಂಬದಿಯ ಮರ ಉದ್ದಕ್ಕೆ ಸೀಳಿತು. ಸದ್ದು ಕೇಳಿ ಎದುರು ಮನೆಯ ಮಧುಸೂದನ ಬಂದರು. ಬ್ಯಾಂಕಿನಿಂದ ನಿವೃತ್ತರಾಗಿ ಲೇಔಟ್ ಸಂಘದ ಕಾರ್ಯದರ್ಶಿಯಾಗಿದ್ದ ಅವರಿಗೆ ಬೇರೆಯವರ ಮನೆಯಲ್ಲಿ ಏನು ಬಿದ್ದರೂ ನೋಡುವ ಅಧಿಕಾರವಿತ್ತು. ಕೋವಿಯನ್ನು ಅತ್ತಿತ್ತ ತಿರುಗಿಸಿ ನೋಡಿ ಅವರು ಕೇಳಿದರು:

"ದಳವಾಯಿಗಳೇ, ಇದು ಯಾವತ್ತಾದ್ರೂ ಹೊಡೆದಿದ್ಯೋ, ಇಲ್ಲ ಬರೀ ಹೊಡೆಸ್ಕೊಂಡಿದ್ದೋ?"

ಆ ಮಾತು ಮುರುಗೇಶಪ್ಪನವರಿಗೆ ಗುಂಡಿಗಿಂತ ಚೆನ್ನಾಗಿ ತಾಗಿತು. ಮುಂದಿನ ಭಾನುವಾರ ಸಂಘದ ಸಭೆಯಲ್ಲಿ ಗಣರಾಜ್ಯೋತ್ಸವದ ಮಾತು ಬಂದಾಗ ಅವರು ಎದ್ದು ನಿಂತು, ಜನವರಿ ಇಪ್ಪತ್ತಾರಕ್ಕೆ ಪಾರ್ಕಿನಲ್ಲಿ ಧ್ವಜ ಏರಿದ ಮೇಲೆ ತಮ್ಮ ಮನೆತನದ ಕೋವಿಯಿಂದ ಆಕಾಶಕ್ಕೆ ಒಂದು ಗುಂಡು ಹಾರಿಸುವುದಾಗಿ ಘೋಷಿಸಿಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಮಧುಸೂದನ.

ಮನೆಗೆ ಬಂದ ಮೇಲೆ ಯೋಚನೆ ಹತ್ತಿತು. ಕೋವಿ ಹೊಡೆಯಬೇಕಾದರೆ ತೂತು ಮುಚ್ಚಬೇಕು. ತೂತು ಮುಚ್ಚಿದರೆ ಅಜ್ಜನ ಯುದ್ಧವೇ ಮುಚ್ಚಿಹೋಗುತ್ತದೆ. ಇನ್ನು ಬಂದವರಿಗೆ ತೋರಿಸುವುದೇನನ್ನು? ಹಾಗೇ ಬಿಟ್ಟರೆ ಯುದ್ಧ ಉಳಿಯುತ್ತದೆ, ಮಧುಸೂದನನ ಎದುರು ಮರ್ಯಾದೆ ಉಳಿಯುವುದಿಲ್ಲ. ಜೀವಮಾನವಿಡೀ ಸೋರುವ ಪೈಪಿಗೆ ಮದ್ದು ಮಾರಿದ ಮನುಷ್ಯನಿಗೆ ಒಂದು ತೂತು ಮುಚ್ಚಬೇಕೋ ಬೇಡವೋ ಎಂದು ಊಟ ಸೇರದಂತಾಯಿತು. ಗಿರಾಕಿ ಪೈಪು ತಿರುಗಿಸುವ ಎಲ್ಬೋ ಕೇಳಿದರೆ ಮೂರು ಬಾಯಿಯ ಟೀ ಕೊಟ್ಟರು. ಮಹಾಂತಮ್ಮನವರನ್ನು ಕೇಳಿದರೆ, ಇದ್ದ ಹಾಗೇ ಇರಲಿ, ಅಷ್ಟಕ್ಕೂ ಗುಂಡು ಹಾರಿಸಲು ಪರ್ಮಿಷನ್ ಬೇಡವೇ ಎಂದರು. ಮನೇಲೇ ಇಟ್ಕೊಳಿ ಅಂದಿದ್ದಾರಲ್ಲ, ಅದೇ ಪರ್ಮಿಷನ್ನು ಎಂದರು ಮುರುಗೇಶಪ್ಪ. ಹೆಂಗಸರಿಗೆ ಆಯುಧದ ವಿಷಯ ತಿಳಿಯುವುದಿಲ್ಲ ಎಂದೂ ಸೇರಿಸಿದರು. ಮಹಾಂತಮ್ಮ ಅದಕ್ಕೂ 'ಹೂಂ' ಎಂದರು.

ಕೊನೆಗೆ ಗೆದ್ದದ್ದು ಮಧುಸೂದನನ ಚಪ್ಪಾಳೆ. ತೂತಿನ ಫೋಟೊವನ್ನು ನಾಲ್ಕೂ ದಿಕ್ಕಿನಿಂದ ತೆಗೆದು ಇಟ್ಟುಕೊಂಡು, ಕೋವಿಯನ್ನು ಭದ್ರಾವತಿಯ ಓಲ್ಡ್ ಟೌನಿಗೆ, ಧರ್ಮೇಂದ್ರನ ಲೇತ್ ವರ್ಕ್‌ಶಾಪಿಗೆ ಒಯ್ಯುವುದೆಂದು ತೀರ್ಮಾನವಾಯಿತು. ಕೋವಿಯನ್ನು ಕಾಣುವ ಹಾಗೆ ಕಾರಿನಲ್ಲಿ ಇಟ್ಟುಕೊಂಡು ಹೋಗುವ ಹಾಗಿಲ್ಲ. ಅಂಗಡಿಯಿಂದ ಒಂದು ದಪ್ಪ ಪಿ.ವಿ.ಸಿ. ಪೈಪು ತರಿಸಿ, ಅದರೊಳಗೆ ಕೋವಿ ತೂರಿಸಿ, ಎರಡೂ ತುದಿಗೆ ಮುಚ್ಚಳ ಬಿಗಿದರು. ಪೈಪು ವ್ಯಾಪಾರಿಯ ಕಾರಿನಲ್ಲಿ ಪೈಪು ಇದ್ದರೆ ಯಾರು ಕೇಳುತ್ತಾರೆ? ಓಲ್ಡ್ ಟೌನಿನಲ್ಲಿ ಚಿಕ್ಕಮ್ಮನ ಮಗಳನ್ನು ನೋಡಬೇಕೆಂದು ಮಹಾಂತಮ್ಮನೂ ಹೊರಟರು. ಹಿಂದಿನ ಸೀಟಿನಲ್ಲಿ ಪೈಪಿನ ಒಂದು ತುದಿಯನ್ನು ಮಡಿಲ ಮೇಲೆ ಇಟ್ಟುಕೊಂಡು ಕೂತಿದ್ದರು.

ಧರ್ಮೇಂದ್ರ ಕೆಲವು ಕಾಲ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿದವನು. ಕಾರ್ಖಾನೆ ಸೊರಗಿದ್ದು ತಾನು ಕೆಲಸ ಬಿಟ್ಟ ಮೇಲೆಯೇ ಎಂದು ತಿಳಿದುಕೊಂಡಿದ್ದ. ಯಾವ ಯಂತ್ರ ತಂದು ಎದುರಿಗಿಟ್ಟರೂ 'ಆಗಲ್ಲ' ಎನ್ನುವುದು ಅವನ ಜಾಯಮಾನದಲ್ಲಿ ಇರಲಿಲ್ಲ. ಆಗದೆ ಹೋದದ್ದು ಆಮೇಲೆ ಗೊತ್ತಾಗುತ್ತಿತ್ತು. ಕೋವಿಯನ್ನು ಪೈಪಿನಿಂದ ಎಳೆದು, ತೂತಿಗೆ ಟಾರ್ಚ್ ಬಿಟ್ಟು ನೋಡಿ ತಲೆದೂಗಿದ.

"ಎಂಥ ಗುರಿ ಯಜಮಾನ್ರೇ. ಡ್ರಿಲ್ ಬಿಟ್ ಹಾಕಿ ಕೊರೆದಂಗಿದೆ. ಆ ಕಾಲದಲ್ಲಿ ಶತ್ರುಗಳೂ ನೀಟಾಗಿ ಕೆಲ್ಸ ಮಾಡೋರು."

ಮುರುಗೇಶಪ್ಪನವರ ಎದೆ ಉಬ್ಬಿತು. ಅಕ್ಷರ ತೋರಿಸಿದರು. ಧರ್ಮೇಂದ್ರ ಒಂದು ಕ್ಷಣವೂ ತಡವರಿಸದೆ, ಡಬಲ್ ಪವರ್, ಕಂಪನಿಯವರೇ ಹಾಕಿರುತ್ತಾರೆ ಎಂದ. ಅದು ತಮ್ಮ ಅಜ್ಜನ ಹೆಸರು ಎಂದು ಮುರುಗೇಶಪ್ಪ ಸಿಟ್ಟಾದರು. ಅಜ್ಜ ಹುಟ್ಟುವುದಕ್ಕೆ ಮೊದಲೇ ಡಬಲ್ ಪವರ್ ಇತ್ತು ಎಂದು ಅವನೂ ಬಿಡಲಿಲ್ಲ. ಟೀ ಬರುವ ಹೊತ್ತಿಗೆ, ಡಬಲ್ ಪವರಿನ ದಳವಾಯಿ ಎಂಬಲ್ಲಿಗೆ ಇಬ್ಬರೂ ರಾಜಿಯಾದರು. ಮಹಾಂತಮ್ಮ ಆ ಎರಡು ಅಕ್ಷರಗಳ ಮೇಲೆ ಬೆರಳಾಡಿಸಿ ಕೈ ಹಿಂದಕ್ಕೆ ತೆಗೆದುಕೊಂಡರು.

ಧರ್ಮೇಂದ್ರ ಯೋಜನೆ ಹೇಳಿದ. ತೂತಿಗೆ ಒಂದು ಬಿರಡೆ ಹೊಡೆದು, ಬೆಸುಗೆ ಹಾಕಿ, ಉಜ್ಜಿ, ಬಣ್ಣ ಬಳಿದರೆ ಹೆತ್ತ ತಾಯಿಗೂ ಗುರುತು ಸಿಗಬಾರದು. ಕೀಲು ಹೊಸದು ಮಾಡುತ್ತಾನೆ. ಆಮೇಲೆ ಹೊಳೆ ಕಡೆ ಹೋಗಿ ಒಂದು ಗುಂಡು ಹೊಡೆದು ನೋಡುವುದು. ಗುಂಡಿನ ಚಿಂತೆ ಬೇಡ, ಹಂದಿ ಹೊಡೆಯುವವರು ಅವನಿಗೆ ಗುರುತು.

"ಹೊಡೆಯೋದು ಯಾರು?" ಮಹಾಂತಮ್ಮ ಕೇಳಿದರು.

"ಯಜಮಾನ್ರೇ ಹೊಡೀಬೇಕಮ್ಮ. ಮನೆತನದ ಕೈ. ನಾನು ಮರದ ಹಿಂದೆ ನಿಂತ್ಕೊಂಡು ವಿಡಿಯೋ ಮಾಡ್ತೀನಿ."

ಹೀಗೆ ಎಂದು ತೋರಿಸಲು ಅವನು ಕೋವಿಯನ್ನು ಮುರುಗೇಶಪ್ಪನವರ ಹೆಗಲಿಗಿಟ್ಟ. ಅವರು ಮರಕ್ಕೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ, ಎದುರಿನ ಗೋಡೆಯ ಕ್ಯಾಲೆಂಡರಿಗೆ ಗುರಿ ಹಿಡಿದರು. ತೂತಿಗೂ ಅವರು ತೆರೆದಿದ್ದ ಕಣ್ಣಿಗೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ. ಮಹಾಂತಮ್ಮ ಅದನ್ನೇ ನೋಡುತ್ತಿದ್ದರು.

"ಬೆಸುಗೆ ಬಿಟ್ಕೊಂಡ್ರೆ?"

"ಬಿಟ್ಕೊಳ್ಳಲ್ಲಮ್ಮ. ಬಿಟ್ಕೊಂಡ್ರೆ ಯಜಮಾನ್ರೇ ವಾಪಸ್ ತರ್ಲಿ, ಫ್ರೀಯಾಗಿ ಮಾಡ್ಕೊಡ್ತೀನಿ."

ಮಹಾಂತಮ್ಮ ಗಂಡನ ಕೈಯಿಂದ ಕೋವಿ ತೆಗೆದು ಪೈಪಿನೊಳಗೆ ತಳ್ಳಿ ಮುಚ್ಚಳ ಬಿಗಿದರು. ಮನೆಯಲ್ಲಿ ಮಾತಾಡಿ ಹೇಳುತ್ತೇವೆ ಎಂದರು. ಚಿಕ್ಕಮ್ಮನ ಮಗಳ ಮನೆಗೂ ಹೋಗದೆ ಕಾರು ಶಿವಮೊಗ್ಗಕ್ಕೆ ತಿರುಗಿತು. ಹೆಂಡತಿಗೂ ತೂತಿನ ಮೇಲೆ ಇಷ್ಟು ಮಮತೆ ಇದೆಯೆಂದು ಮುರುಗೇಶಪ್ಪನವರಿಗೆ ತಿಳಿದಿರಲಿಲ್ಲ.

ಮನೆಗೆ ಬಂದು ದೀಪ ಹಚ್ಚಿದ ಮೇಲೆ ಮಹಾಂತಮ್ಮ ಕೋವಿಯನ್ನು ಹೊರಗೆ ತೆಗೆದು ಊಟದ ಮೇಜಿನ ಮೇಲೆ ಇಟ್ಟರು.

"ಡಿ.ಪಿ. ಅಂದ್ರೆ ಡ್ರಿಲ್ ಪರ್ಪಸ್ ರೀ."

ಮುರುಗೇಶಪ್ಪ ಟಿ.ವಿ.ಯವರು ಕೊರೆದ ಗೋಡೆಯ ಕಡೆ ನೋಡಿದರು.

"ಆ ಡ್ರಿಲ್ ಅಲ್ಲ. ಕವಾಯತು. ಕಾಲೇಜಲ್ಲಿ ನಾನು ಎನ್.ಸಿ.ಸಿ.ಲಿ ಇದ್ದೆ. ನಮಗೆ ಕೊಡ್ತಿದ್ದದ್ದೆಲ್ಲ ಇಂಥವೇ. ಮರದ ಮೇಲೆ ಡಿ.ಪಿ., ಬುಡದಲ್ಲಿ ತೂತು. ಮಕ್ಕಳ ಕೈಲಿ ಗುಂಡು ಹಾರ್ಬಾರ್ದು ಅಂತ ಅವ್ರೇ ಕೊರೆದು ಕೊಡ್ತಾರೆ. ಮುಚ್ಚಿ ಹೊಡೆದ್ರೆ ಒಡ್ಕೊಂಡು ಹೊಡೆದವರ ಮುಖಕ್ಕೇ ಬರುತ್ತೆ ಅಂತ ಮೊದಲ್ನೇ ದಿನವೇ ಹೇಳಿದ್ರು."

ಮುರುಗೇಶಪ್ಪ ನಂಬಲಿಲ್ಲ. ಎನ್.ಸಿ.ಸಿ.ಯಲ್ಲಿ ಇದ್ದದ್ದನ್ನೇ ನಂಬಲಿಲ್ಲ. ಆಗ ಮಹಾಂತಮ್ಮ ಸೆರಗು ಸಿಕ್ಕಿಸಿಕೊಂಡು, ಕೋವಿಯನ್ನು ಬಲಗಾಲಿನ ಪಕ್ಕಕ್ಕೆ ತಂದು ನಿಂತರು. ತಮಗೆ ತಾವೇ ಮೆಲ್ಲನೆ 'ಸಲಾಮಿ ಶಸ್ತ್ರ' ಎಂದುಕೊಂಡರು. ಕೋವಿ ಮೇಲೆದ್ದಿತು, ಬಳೆಗಳು ಒಮ್ಮೆ ಘಲ್ ಎಂದವು, ಎದೆಯೆದುರು ನೆಟ್ಟಗೆ ಬಂದು ನಿಂತಿತು. ಸೀಳಿದ ಮರ ಅಂಗೈ ಕಚ್ಚಿದರೂ ಕೈ ಅಲುಗಲಿಲ್ಲ. ಎದುರಿಗೆ ಫೋಟೊದಲ್ಲಿದ್ದ ಅಜ್ಜನಿಗೆ ಆ ಮನೆಯಲ್ಲಿ ಸರಿಯಾದ ಸೆಲ್ಯೂಟು ಸಿಕ್ಕಿದ್ದು ಅದೇ ಮೊದಲು. ಕೋವಿ ಮತ್ತೆ ಕೆಳಗಿಳಿದಾಗ ಮುರುಗೇಶಪ್ಪನವರಿಗೆ ತಾವು ಕುರ್ಚಿ ಬಿಟ್ಟು ಅಟೆನ್ಶನ್ನಿನಲ್ಲಿ ನಿಂತಿರುವುದು ಗೊತ್ತಾಯಿತು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?"

"ಮದುವೆಯಾಗಿ ಬಂದ ದಿನವೇ ಹೇಳೋಣ ಅಂದ್ಕೊಂಡೆ. ಅಷ್ಟೊತ್ತಿಗೆ ನೀವು ಮರಳುಗಾಡಿಗೆ ಹೋಗಿದ್ರಿ. ವಾಪಸ್ ಬರ್ಲೇ ಇಲ್ಲ."

ಮುರುಗೇಶಪ್ಪ ಫೋಟೊ ನೋಡಿದರು. ಚಡ್ಡಿ ನೋಡಿದರು. ಸೀಟಿ ನೋಡಿದರು. ದಾಳಿಗೆ ಅಪ್ಪಣೆ ಕೊಡುವ ಸೀಟಿ ಎಂದು ಎಷ್ಟು ಜನಕ್ಕೆ ಹೇಳಿದ್ದರೋ. ಈಗ ಅದು ಬರೀ ಸೀಟಿಯ ಹಾಗೆ ಕಂಡಿತು. ಸ್ಕೂಲಿನ ಮೈದಾನ, ಸಾಲು ತಪ್ಪಿದ ಹುಡುಗರು, ಬಿಸಿಲು. ಡ್ರಿಲ್ ಮಾಡಿಸ್ತಿದ್ರು ಎಂದ ಅಪ್ಪ ಸುಳ್ಳು ಹೇಳಿರಲಿಲ್ಲ.

"ಲೇಔಟಿನವರಿಗೆ ಮುಖ ತೋರ್ಸೋದು ಹೆಂಗೆ ಮಾರಾಯ್ತಿ?"

"ತೋರ್ಸಕ್ಕೆ ಮೊದ್ಲು ಮುಖ ಉಳೀಬೇಕಲ್ಲ."

ಮುಂದಿನ ದಿನಗಳಲ್ಲಿ ಮುರುಗೇಶಪ್ಪ ಹಲವು ದಾರಿ ಹುಡುಕಿದರು. ಇಪ್ಪತ್ತಾರಕ್ಕೆ ಜ್ವರ ಬರಬಹುದು. ಮೇಲಿನಿಂದ ಅಪ್ಪಣೆ ಸಿಗಲಿಲ್ಲ ಎನ್ನಬಹುದು. ಧರ್ಮೇಂದ್ರನೂ ಫೋನು ಮಾಡಿ, ಬಿರಡೆ ರೆಡಿಯಾಗಿದೆ, ಧೈರ್ಯ ಮಾಡಿ ಎಂದ. ಮಹಾಂತಮ್ಮ ಯಾವುದಕ್ಕೂ 'ಹೂಂ' ಎನ್ನಲಿಲ್ಲ, 'ಉಹೂಂ' ಎನ್ನಲೂ ಇಲ್ಲ. ಹೂಂ ಇಲ್ಲದ ಮನೆ ಮುರುಗೇಶಪ್ಪನವರಿಗೆ ಅಭ್ಯಾಸವಿರಲಿಲ್ಲ. ಒಂದು ಸಂಜೆ ಅಂಗಡಿಯಿಂದ ಮರದ ಅಂಟು, ಪೈಪಿಗೆ ಬಿಗಿಯುವ ಎರಡು ಕ್ಲ್ಯಾಂಪು ತಂದು, ಸೀಳಿದ ಮರಕ್ಕೆ ಅಂಟು ತುಂಬಿ, ಕ್ಲ್ಯಾಂಪು ಹಾಕಿ ತಾವೇ ಬಿಗಿದರು. ಕಳಚಿದ ಕೀಲಿಗೆ ಎಣ್ಣೆ ಬಿಟ್ಟು ಕೂರಿಸಿದರು. ತೂತನ್ನು ಬಟ್ಟೆಯಿಂದ ಒರೆಸಿದರು, ಅಷ್ಟೇ. ತಮ್ಮ ಮನೆಯಲ್ಲಿ ಬಿದ್ದು ಆದ ಪೆಟ್ಟು ತಾವು ಸರಿಮಾಡಬೇಕು, ಕೋವಿ ಬರುವಾಗಲೇ ತಂದ ತೂತು ಕೋವಿಗೇ ಇರಲಿ ಎಂದು ಹೆಂಡತಿಗೆ ಹೇಳಿದರು. ಮಹಾಂತಮ್ಮ 'ಹೂಂ' ಎಂದರು. ಅವತ್ತು ಮುರುಗೇಶಪ್ಪ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಗಣರಾಜ್ಯೋತ್ಸವದ ಬೆಳಿಗ್ಗೆ ಪಾರ್ಕಿಗೆ ಹಿಂದೆಂದೂ ಬರದಷ್ಟು ಜನ ಬಂದಿದ್ದರು. ಅರ್ಧ ಜನರ ಕಿವಿಯಲ್ಲಿ ಹತ್ತಿ. ಮಧುಸೂದನ ತಮ್ಮ ಮಾವ ಪುಟ್ಟಣ್ಣನವರನ್ನೂ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದ್ದರು. ಭದ್ರಾವತಿಯಿಂದ ಮಗಳ ಮನೆಗೆ ಬಂದು ವಾರವಾಗಿದ್ದ ಆ ಮುದುಕರ ಕಿವಿಯಲ್ಲಿ ಎಲ್ಲರಿಗಿಂತ ಹೆಚ್ಚು ಹತ್ತಿ ಇತ್ತು. ಧ್ವಜ ಏರಿತು, ರಾಷ್ಟ್ರಗೀತೆ ಮುಗಿಯಿತು, ಮುರುಗೇಶಪ್ಪ ಕೋವಿ ಹಿಡಿದು ಮುಂದೆ ಬಂದರು. ಮೊಬೈಲುಗಳು ಮೇಲೆದ್ದವು.

"ಇದು ಹೊಡೆಯಲ್ಲ," ಎಂದರು ಮುರುಗೇಶಪ್ಪ.

"ರಿಪ್ಪೇರಿ ಆಗ್ಲಿಲ್ವಾ ದಳವಾಯಿಗಳೇ?" ಮಧುಸೂದನ ಕೇಳಿದರು.

"ರಿಪ್ಪೇರಿ ಮಾಡಿದ್ರೆ ಕೆಟ್ಟು ಹೋಗುತ್ತೆ."

ಆಮೇಲಿನದನ್ನು ಅವರು ಜನರಿಗೆ ಹೇಳದೆ ಧ್ವಜದ ಕಂಬಕ್ಕೆ ಹೇಳಿದರು. ಇದು ಯುದ್ಧ ನೋಡಿದ ಕೋವಿ ಅಲ್ಲ, ಕವಾಯತಿನ ಕೋವಿ. ತೂತು ಶತ್ರುವಿನದಲ್ಲ. ಡಿ.ಪಿ. ಅಂದರೆ ದಳವಾಯಿ ಪರಮೇಶ್ವರಪ್ಪ ಅಲ್ಲ. ಅಜ್ಜ ಎಲ್ಲೋ ಡ್ರಿಲ್ ಹೇಳಿಕೊಡುತ್ತಿದ್ದರಂತೆ, ಅಷ್ಟೇ. ಮಧುಸೂದನ ನಗಲು ಬಾಯಿ ತೆರೆದರು. ಅಷ್ಟರಲ್ಲಿ ಪುಟ್ಟಣ್ಣ ಒಂದು ಕಿವಿಯ ಹತ್ತಿ ಕಿತ್ತು, ಏನಂದರು, ಯಾವ ಪರಮೇಶ್ವರಪ್ಪ ಎಂದು ಮಗಳನ್ನು ಕೇಳಿ, ಕೋಲೂರಿ ಎದ್ದು ಬಂದು ಕೋವಿಯ ಅಕ್ಷರಕ್ಕೆ ಮೂಗು ತಾಗಿಸಿ ನೋಡಿದರು.

"ಅಯ್ಯೋ ಮಾರಾಯ, ಇದು ನಮ್ಮ ಡ್ರಿಲ್ ಪರಮೇಶ್ವರಪ್ಪ ಮೇಷ್ಟ್ರ ಕೋವಿ."

ಇನ್ನೊಂದು ಕಿವಿಯ ಹತ್ತಿಯನ್ನೂ ತೆಗೆದು ಅವರು ಕಥೆ ಹೇಳಿದರು. ಶಿವಮೊಗ್ಗದ ಸ್ಕೂಲಿನಲ್ಲಿ ಅವರು ಓದುವಾಗ ಕೋವಿಯ ಮೇಲಿನ ಅಕ್ಷರ ನೋಡಿ ಹುಡುಗರೇ ಮೇಷ್ಟ್ರಿಗೆ ಆ ಹೆಸರಿಟ್ಟಿದ್ದು. ಡಿ.ಪಿ., ಡ್ರಿಲ್ ಪರಮೇಶ್ವರಪ್ಪ. ಊರೆಲ್ಲ ಹಾಗೇ ಕರೆಯುತ್ತಿತ್ತು. ಮೇಷ್ಟ್ರು ನಿವೃತ್ತರಾದಾಗ ಮೂಲೆಗೆ ಬಿದ್ದಿದ್ದ ಇದನ್ನೇ ಹಾರ ಹಾಕಿ ಕೈಗೆ ಕೊಟ್ಟರು.

"ಸ್ಕೂಲಲ್ಲಿ ಡಿ.ಪಿ. ಎರಡು ಇದ್ವು. ಕೋವಿ ಹೊಡೀತಿರ್ಲಿಲ್ಲ. ಮೇಷ್ಟ್ರು ಹೊಡೀತಿದ್ರು," ಎಂದು ಪುಟ್ಟಣ್ಣ ತಮ್ಮ ಬಲಗಿವಿ ಮುಟ್ಟಿ ನೋಡಿಕೊಂಡರು.

ಪಾರ್ಕು ಗೊಳ್ಳೆಂದಿತು. ಆ ನಗುವಿನಲ್ಲಿ ಮುರುಗೇಶಪ್ಪನವರ ತಲೆ ನಿಧಾನವಾಗಿ ಮೇಲೆದ್ದಿತು. ಅವರು ಹೆಂಗಸರ ಸಾಲಿನಲ್ಲಿದ್ದ ಹೆಂಡತಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ನೋಡಿದ್ಯಾ ಮಹಾಂತಮ್ಮ, ಅಕ್ಷರ ನಮ್ಮ ಅಜ್ಜಂದೇ."

ಗುಂಡಿನ ಸದ್ದಿಗೆಂದು ಬಂದವರನ್ನು ಬರಿಗೈಯಲ್ಲಿ ಕಳಿಸಲಾಗುವುದಿಲ್ಲವಲ್ಲ. ಪುಟ್ಟಣ್ಣ ಉಳಿದಷ್ಟು ದನಿಯಲ್ಲಿ 'ಅಟೆನ್ಶನ್' ಎಂದು ಕೂಗಿದರು. ಮಹಾಂತಮ್ಮ ಬಂದು ಕೋವಿ ತೆಗೆದುಕೊಂಡು ಧ್ವಜಕ್ಕೆ ಸಲಾಮಿ ಶಸ್ತ್ರ ಕೊಟ್ಟರು. ಅಂಟು ಹಾಕಿದ ಮರ ಬಿಟ್ಟುಕೊಳ್ಳಲಿಲ್ಲ. ಮಧುಸೂದನ ಕೂಡ ಹೊಟ್ಟೆ ಒಳಗೆಳೆದು ನೆಟ್ಟಗೆ ನಿಂತಿದ್ದರು, ಮಾವ ನೋಡುತ್ತಿದ್ದರು.

ಯುಗಾದಿಗೆ ಅಂಗಡಿಯ ಬೋರ್ಡು 'ಡಿ.ಪಿ. ಪೈಪ್ಸ್' ಆಯಿತು. ಡಿ.ಪಿ. ಅಂದರೆ ಡ್ರಿಪ್ ಎಂದು ತಿಳಿದ ಅಡಿಕೆ ತೋಟದವರು ಮೊದಲಿಗಿಂತ ಹೆಚ್ಚು ಬರತೊಡಗಿದರು. ಮುರುಗೇಶಪ್ಪ ಅವರನ್ನು ತಿದ್ದಲು ಹೋಗಲಿಲ್ಲ. ಮನೆಯಲ್ಲಿ ಯುದ್ಧದ ಕಥೆ ನಿಂತು ಕವಾಯತಿನ ಕಥೆ ಶುರುವಾಗಿದೆ. ಅದು ಇನ್ನೂ ಉದ್ದ.

ಆಮೇಲೆ ಒಂದು ಚುನಾವಣೆ ಬಂತು. ಮುರುಗೇಶಪ್ಪ ಇಸ್ತ್ರಿ ಶರ್ಟು ಹಾಕಿಕೊಂಡು, ಪೈಪಿನೊಳಗೆ ಕೋವಿ ಇಟ್ಟುಕೊಂಡು, ಮಹಾಂತಮ್ಮನವರನ್ನು ಕಾರಿನಲ್ಲಿ ಕೂರಿಸಿ ಠಾಣೆಗೆ ಹೋದರು. ಅಲ್ಲಿದ್ದವರು ಕೋವಿ ನೋಡಿ, ಇದು ಬೇಡ ಯಜಮಾನ್ರೇ, ಇದು ಡಿ.ಪಿ., ಮನೇಲೇ ಇಟ್ಕೊಳಿ ಎಂದರು.

"ಗೊತ್ತು," ಎಂದರು ಮುರುಗೇಶಪ್ಪ. "ನಿಮಗೆ ಗೊತ್ತಿದ್ಯೋ ಇಲ್ವೋ ಅಂತ ನೋಡೋಣ ಅಂತ ಬಂದೆ."

ಹೊರಗೆ ಬಂದು ಕಾರಿನಲ್ಲಿ ಕೂತಾಗ ಮಹಾಂತಮ್ಮ, ಏನಂದರು ಎಂದು ಕೇಳಿದರು.

"ಪಾಸಾದ್ರು," ಎಂದರು ಮುರುಗೇಶಪ್ಪ.

ಮಹಾಂತಮ್ಮ ಪೈಪಿನ ತುದಿಯನ್ನು ಮಡಿಲಿಗೆ ಎಳೆದುಕೊಂಡು 'ಹೂಂ' ಎಂದರು.